ಎಂಟು ಕುದುರೆ, ಸಂಜೆ ಐದು ಗಂಟೆ

ನನ್ನ ಗಾಡಿಗೆ ಎಂಟು ಕುದುರೆ. ಅದರಲ್ಲೂ ಒಂದು ಕುಂಟು ಎಂದು ನಜಮೋದ್ದೀನ ಚಾಚಾ ಹೇಳುತ್ತಾರೆ. ಬೀದರದಲ್ಲಿ ಚೌಬಾರ ಗೋಪುರದ ಹಿಂದಿನ ಗಲ್ಲಿಯಲ್ಲಿ ಅವರ ಗ್ಯಾರೇಜು. ನಲವತ್ತು ವರ್ಷದಿಂದ ಮೋಟರ್‌ಸೈಕಲ್ಲುಗಳ ಹೊಟ್ಟೆ ಬಿಚ್ಚಿ ನೋಡಿದವರು, ಅವರ ಮಾತಿಗೆ ಎದುರು ಹೇಳುವ ಧೈರ್ಯ ನನಗಿಲ್ಲ. ಹೊಸದಿದ್ದಾಗ ಕಾಗದದಲ್ಲಿ ಎಂಟು ಹಾರ್ಸ್‌ಪವರ್ ಎಂದೇ ಇತ್ತು. ನನ್ನ ಭಾವನವರು ಎಂಟು ವರ್ಷ ಓಡಿಸಿ, ಬೇಸತ್ತು, ಗುಜರಿಗೆ ಹಾಕುವ ಬದಲು ನನಗೆ ದಾಟಿಸಿದರು. ಕಿಕ್ ಹೊಡೆಯುವ ಮೊದಲು ಅರ್ಧ ಚೋಕ್ ಎಳೆದು ಒಂದು ಸಲ ಸುಮ್ಮನೆ ತುಳಿದು, ಬಿಟ್ಟು, ಆಮೇಲೆ ಜೋರಾಗಿ ತುಳಿಯಬೇಕು. ಇದು ನನಗೆ ಗೊತ್ತು, ಚಾಚಾಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ.

ನಾನು ದಾನಮ್ಮ. ಊರು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ಆಕಳು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಹೆಣ್ಣುಮಗಳು ಇಂಥ ಕೆಲಸ ಮಾಡುವುದೇ ಎಂದು ಮುಖ ತಿರುಗಿಸುವವರು ಇನ್ನೂ ಇದ್ದಾರೆ. ನಿಮ್ಮ ಚಹಾದಲ್ಲಿರುವ ಹಾಲು ಎಲ್ಲಿಂದ ಬಂತು ಎಂದು ಅವರನ್ನು ಕೇಳಿ ಮುಂದೆ ಹೋಗುತ್ತೇನೆ. ಗಾಡಿಯ ಕ್ಯಾರಿಯರಿಗೆ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಹಳೆಯ ಕೌದಿಯ ಮೆತ್ತೆ, ಮೆತ್ತೆಯ ನಡುವೆ ನೈಟ್ರೋಜನ್ ಕ್ಯಾನು. ಆ ಕ್ಯಾನಿನ ಕೊರೆಯುವ ಚಳಿಯಲ್ಲಿ ಹೋರಿಯ ವೀರ್ಯ ತುಂಬಿದ ತೆಳ್ಳನೆಯ ಕಡ್ಡಿಗಳಿರುತ್ತವೆ. ಆಕಳು ಬೆದೆಗೆ ಬಂದಿದೆ ಎಂದು ಫೋನು ಬಂದರೆ ನಾನು ಹೋಗಿ ಕಡ್ಡಿ ಹಾಕಿ ಬರಬೇಕು. ನಮ್ಮೂರಿನಿಂದ ಗಡಿಯ ಹತ್ತಿರದ ಮೆಹಕರದ ತನಕ ಹನ್ನೆರಡು ಹಳ್ಳಿ, ಆರು ವರ್ಷ. ಈಗ ಆ ಹಳ್ಳಿಗಳ ನಾಯಿಗಳು ಕೂಡ ನನ್ನ ಗಾಡಿಯ ಸದ್ದಿಗೆ ತಲೆ ಎತ್ತುವುದಿಲ್ಲ.

ಈ ಕೆಲಸದಲ್ಲಿ ಒಂದು ನಿಯಮವಿದೆ. ಮುಂದಿನ ಜಗಳಕ್ಕೆಲ್ಲ ಅದೇ ಮೂಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆಕಳು ಬೆಳಿಗ್ಗೆ ಬೆದೆಗೆ ಬಂದದ್ದು ಕಂಡರೆ ಕಡ್ಡಿ ಹಾಕಬೇಕಾದದ್ದು ಸಂಜೆ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಆಕಳು ಒದರಾಡುತ್ತಿದೆ ಎಂದು ಓಡಿಹೋಗಿ ಆಗಲೇ ಹಾಕಿಬಿಟ್ಟರೆ, ಒಳಗೆ ಅಂಡ ಇಳಿಯುವ ಹೊತ್ತಿಗೆ ವೀರ್ಯದ ಕಸುವು ಮುಗಿದಿರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಕೂಸಾದರೂ ಆಮೇಲೆ ಹುಟ್ಟೀತು, ಇಲ್ಲಿ ಕೂಸೇ ಇಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಫೋನು ಬಂದರೆ ನಾನು ಹೋಗುವುದು ಸಂಜೆ ಐದಕ್ಕೆ. ಎಂಟು ಕುದುರೆಯ ಗಾಡಿಗೆ ಹತ್ತು ತಾಸು ಸಮಯ ಧಾರಾಳ.

ರೈತರಿಗೆ ಇದನ್ನು ನೂರು ಸಲ ಹೇಳಿದ್ದೇನೆ. ಅವರ ಕಣ್ಣೆದುರು ಆಕಳು ಹಗ್ಗ ಜಗ್ಗುತ್ತಿರುತ್ತದೆ, ಮೇವು ಮುಟ್ಟುವುದಿಲ್ಲ, ಓಣಿ ತುಂಬ ಅದರದೇ ಕೂಗು. ನಾನು ಬರುವುದು ಹೊತ್ತು ಮುಳುಗುವಾಗ. ಅವರಿಗೆ ಕಾಣುವುದು ನನ್ನ ಹಳೆಯ ಗಾಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದರು. ನಾನೂ ಸುಮ್ಮನಿರುವ ಪೈಕಿ ಅಲ್ಲ, ನಿಮ್ಮ ಆಕಳು ಗಬ್ಬ ಆದ ಮೇಲೆ ಆ ಮಾತು ವಾಪಸು ತೆಗೆದುಕೊಳ್ಳಿ ಎಂದೆ. ಆಕಳು ಗಬ್ಬವಾಯಿತು. ಮಾತನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಜೂನ್ ತಿಂಗಳಲ್ಲಿ ಸ್ವಪ್ನಿಲ ಬಂದ.

ಔರಾದದ ಹುಡುಗ. ಇಪ್ಪತ್ತಾರು ವರ್ಷ, ನಾನು ಪಡೆದ ತರಬೇತಿಯನ್ನೇ ಪಡೆದು ಬಂದವನು, ಮಾತು ಮೆದು. ಅವನ ಕೆಳಗೆ ಇದ್ದ ಗಾಡಿ ಮಾತ್ರ ಮೆದುವಲ್ಲ. ನಲವತ್ತು ಹಾರ್ಸ್‌ಪವರ್. ಕಪ್ಪು ಬಣ್ಣ, ಹಿಂದಿನ ಸೀಟು ಚೇಳಿನ ಬಾಲದ ಹಾಗೆ ಮೇಲೆದ್ದಿತ್ತು, ಕ್ಯಾರಿಯರ್ ಇಲ್ಲ. ಕ್ಯಾನನ್ನು ಅವನು ಬೆನ್ನಿನ ಚೀಲದಲ್ಲಿ ಹೊತ್ತು ಬರುತ್ತಿದ್ದ. ಹಾಲಿನ ಸಂಘದವರು ಅವನನ್ನು ನನ್ನ ಜೊತೆಗೆ ಅದೇ ಹನ್ನೆರಡು ಹಳ್ಳಿಗೆ ಹಾಕಿದರು. ಯಾರಿಗೆ ಬೇಕೋ ಅವರು ಅವನನ್ನು ಕರೆಯಬಹುದು, ಬೇಕಾದವರು ನನ್ನನ್ನು ಕರೆಯಬಹುದು. ಜನ ಯಾರನ್ನು ಕರೆದಾರು ಎಂದು ಕೇಳಬೇಕೇ? ಅವನು ಬರುವ ಸದ್ದು ಮುಂದಿನ ಊರಿಗೇ ಕೇಳುತ್ತಿತ್ತು. ಫೋನು ಮಾಡಿ, ಅಂಗಳ ಗುಡಿಸಿ, ಚಹಾಕ್ಕೆ ನೀರಿಡುವಷ್ಟರಲ್ಲಿ ಬಾಗಿಲಲ್ಲಿ ಇರುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನ ಪಾಲಿಗೆ ಗಾದೆಯಾಗಿ ಉಳಿಯಲಿಲ್ಲ.

ನಿಯಮ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಒಮ್ಮೆ ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ ಕೇಳಿಯೇ ಬಿಟ್ಟೆ. ತಲೆ ತಗ್ಗಿಸಿಕೊಂಡು ಅವನು ಹೇಳಿದ್ದು ಇಷ್ಟು: ಕರೆದ ಕೂಡಲೇ ಬರಲಿಲ್ಲ ಎಂದರೆ ರೈತ ಸಿಟ್ಟಾಗುತ್ತಾನೆ, ಬಂದು ಸುಮ್ಮನೆ ನಿಂತರೂ ಸಿಟ್ಟಾಗುತ್ತಾನೆ, ಅಷ್ಟು ದೊಡ್ಡ ಗಾಡಿ ಇಟ್ಟುಕೊಂಡು ಸಂಜೆ ಬಾ ಎಂದರೆ ನಗುತ್ತಾನೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಅವನು ಹಾಕಿದ ಆಕಳುಗಳು ಇಪ್ಪತ್ತೊಂದು ದಿನಕ್ಕೆ ತಿರುಗಿ ಬೆದೆಗೆ ಬರುತ್ತಿದ್ದವು. ಜನ ತಿರುಗಿ ಅವನಿಗೇ ಫೋನು ಮಾಡುತ್ತಿದ್ದರು. ಅವನು ತಿರುಗಿ ಅಷ್ಟೇ ಜೋರಾಗಿ ಬರುತ್ತಿದ್ದ. ಸಂಘದ ಕಾರ್ಯದರ್ಶಿ ಸಿದ್ದೇಶ್ವರ ಅವರು ಇದನ್ನೆಲ್ಲ ನೋಡಿ, ಹುಡುಗನಿಗೆ ಎಷ್ಟು ಬೇಡಿಕೆ ಎಂದು ಖುಷಿಪಟ್ಟರು. ಒಂದು ದಿನ ನನ್ನನ್ನು ಭಾಲ್ಕಿಯ ಆಫೀಸಿಗೆ ಕರೆಸಿದರು. ಅವರ ಮೊಬೈಲಿನಲ್ಲಿ, ಯಾರ ಫೋನಿಗೆ ಯಾರು ಎಷ್ಟು ನಿಮಿಷಕ್ಕೆ ತಲುಪಿದರು ಎನ್ನುವ ಪಟ್ಟಿ ಇತ್ತು. ಸ್ವಪ್ನಿಲ ಇಪ್ಪತ್ತೆರಡು ನಿಮಿಷ. ನಾನು ಒಂಬತ್ತೂವರೆ ತಾಸು.

"ದಾನಮ್ಮ, ನಿನ್ನ ಕೆಲಸಕ್ಕ ನಾ ಹೆಸರ ಇಡಂಗಿಲ್ಲ," ಎಂದರು ಸಿದ್ದೇಶ್ವರ. "ಆದರ ಜನ ಈಗ ಫೋನ್ ಇಡೋದ್ರಾಗ ಗಾಡಿ ಮನಿ ಮುಂದ ನಿಂದರಬೇಕು ಅಂತಾರ. ನೀ ಒಂದು ದೊಡ್ಡ ಗಾಡಿ ತಗೊ. ಇಲ್ಲಾಂದ್ರ ದಸರಾ ಆದ ಮ್ಯಾಗ ಹನ್ನೆರಡೂ ಊರು ಸ್ವಪ್ನಿಲಗ ಕೊಡಬೇಕಾಗ್ತದ."

ಹನ್ನೆರಡೂ ಊರು. ಒಂದೊಂದು ಊರಿನಲ್ಲೂ ಮೊದಲ ವರ್ಷ ನನಗೆ ದನದ ಹತ್ತಿರ ಬಿಡದೆ ಬಾಗಿಲಲ್ಲೇ ನಿಲ್ಲಿಸಿದವರಿದ್ದರು. ಒಂದೊಂದು ಬಾಗಿಲೂ ನಾನು ತೆಗೆಸಿದ್ದು.

"ನಿಮಿಷ ಎಣಿಸಬ್ಯಾಡ್ರಿ, ಸಾಹೇಬ್ರ. ಹೊಟ್ಟಿ ಎಣಿಸ್ರಿ," ಎಂದೆ.

ಯಾವ ಹೊಟ್ಟೆ ಎಂದು ಅವರು ಕೇಳಿದರು. ಜೂನ್ ಜುಲೈ ಎರಡು ತಿಂಗಳು ನಾವಿಬ್ಬರೂ ಹಾಕಿದ ಆಕಳುಗಳನ್ನು ದಸರಾ ಕಳೆದ ಮೇಲೆ ತಾಲೂಕಿನ ಪಶುವೈದ್ಯೆ ಇರಮ ಮೇಡಂ ಕೈಯಿಂದ ಪರೀಕ್ಷೆ ಮಾಡಿಸಿ, ಯಾರವು ಹೆಚ್ಚು ಗಬ್ಬವಾಗಿವೆಯೋ ಅವರಿಗೆ ಊರುಗಳನ್ನು ಕೊಡಿ ಎಂದು ನಾನು ಬಿಡಿಸಿ ಹೇಳಿದೆ. ಸ್ವಪ್ನಿಲನೇ ಗೆಲ್ಲುತ್ತಾನೆ ಎಂಬ ಧೈರ್ಯಕ್ಕೋ ಏನೋ, ಅವರು ಕೂಡಲೇ ಒಪ್ಪಿದರು.

ಇಲ್ಲಿಯವರೆಗೆ ಕೇಳಿದವರು ನನ್ನನ್ನು ಬಹಳ ಶ್ಯಾಣೆ ಹೆಂಗಸು ಅಂದುಕೊಂಡಿರಬಹುದು. ಸ್ವಲ್ಪ ತಾಳಿ.

ಜುಲೈ ತಿಂಗಳ ಒಂದು ಬುಧವಾರ ಬೆಳಿಗ್ಗೆ ಕ್ಯಾನಿಗೆ ನೈಟ್ರೋಜನ್ ತುಂಬಿಸಲು ಬೀದರಕ್ಕೆ ಹೋಗಿದ್ದೆ. ಗಾಡಿಯ ಕ್ಲಚ್ ಜಾರುತ್ತಿತ್ತು, ನಜಮೋದ್ದೀನ ಚಾಚಾ ಅದನ್ನು ಬಿಚ್ಚಿ ಹರವಿಕೊಂಡು ಮಧ್ಯಾಹ್ನ ಒಂದಾಗುತ್ತದೆ ಎಂದರು. ಸ್ವಪ್ನಿಲನೂ ನೈಟ್ರೋಜನ್ನಿಗೆ ಬಂದವನು, ಚೈನಿಗೆ ಎಣ್ಣೆ ಬಿಡಿಸಲು ಅಲ್ಲಿಗೇ ಬಂದ. ಅಲ್ಲಿ ಕೂತ ಗಿರಾಕಿಯೊಬ್ಬ ಮಗನಿಗೆ ಎಷ್ಟು ಹಾರ್ಸ್‌ಪವರಿನ ಗಾಡಿ ಕೊಡಿಸಬೇಕು ಎಂದು ಚಾಚಾರನ್ನು ಕೇಳುತ್ತಿದ್ದ. ಇಂಥವರಿಗೆ ಚಾಚಾ ತಿರುಗಿ ಕೇಳುವುದು ಯಾವಾಗಲೂ ಒಂದೇ ಪ್ರಶ್ನೆ.

"ಎಲ್ಲಿಗಿ ಹೋಗಾದು, ಎಷ್ಟ ಗಂಟೇಕ ಮುಟ್ಟಬೇಕು? ಅದು ಹೇಳ್ರಿ, ಆಮ್ಯಾಲ ಕುದುರಿ ಲೆಕ್ಕ ನಾ ಹೇಳ್ತೇನಿ."

ಗಿರಾಕಿ ಮಗನನ್ನೇ ಕೇಳಿ ಬರುತ್ತೇನೆ ಎಂದು ಎದ್ದು ಹೋದ.

ಅಷ್ಟರಲ್ಲಿ ಎರಡು ಫೋನು ಬಂದವು. ನನಗೆ ನಮ್ಮೂರ ಅನುಸೂಯಾಬಾಯಿಯದು. ಅವರ ದೇವಣಿ ತಳಿಯ ಆಕಳು ಚಂದ್ರಿ, ಬಿಳಿ ಮೈ ಕಪ್ಪು ಮೋರೆಯದು, ನಸುಕಿನಿಂದ ಕೂಗುತ್ತಿದೆ. ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ ಆಕಳು. ಸ್ವಪ್ನಿಲನಿಗೆ ಬಂದದ್ದು ಮೆಹಕರದ ಹಾವಗೆಪ್ಪನವರದು. ಅವರ ಆಕಳಿಗೆ ಇವನು ಎರಡು ಸಲ ಹಾಕಿ ಎರಡೂ ಸಲ ಗಬ್ಬ ನಿಂತಿರಲಿಲ್ಲ.

ನನ್ನ ಗಾಡಿಯ ಎಲುಬುಗಳು ನೆಲದ ಮೇಲೆ ಬಿದ್ದಿದ್ದವು. ಸ್ವಪ್ನಿಲ ಅವನ್ನೂ ನನ್ನನ್ನೂ ನೋಡಿ, ತನ್ನ ಕೀಲಿಕೈ ಚಾಚಿದ.

"ಅಕ್ಕಾ, ನನ್ನ ಗಾಡಿಗಿ ಬೈತೀರಿ, ಒಮ್ಮೆನೂ ಕುಂತು ನೋಡಿಲ್ಲ. ಇವತ್ತ ಇದು ಒಯ್ರಿ. ನಿಮ್ಮದು ತಯ್ಯಾರ ಆದ ಮ್ಯಾಗ ನಾ ತಗೊಂಡು ಹೋಗ್ತೇನಿ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅವನ ಕ್ಯಾನನ್ನು ನನ್ನ ಪೆಟ್ಟಿಗೆಗೆ ಬಿಟ್ಟು, ನನ್ನದನ್ನು ಅವನ ಚೀಲದಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಗುಂಡಿ ಒತ್ತಿದೆ. ಕಿಕ್ಕಿಲ್ಲ, ಚೋಕಿಲ್ಲ, ಬೇಡಿಕೊಳ್ಳುವುದಿಲ್ಲ.

ಸುಳ್ಳು ಹೇಳುವುದಿಲ್ಲ, ಆ ಗಾಡಿ ನನಗೆ ಬಹಳ ಸೇರಿತು. ಬೀದರ ಬಿಟ್ಟು, ಕೆಂಪು ನೆಲ ಇಳಿದು ಎರೆ ಹೊಲಗಳು ಶುರುವಾಗುವಲ್ಲಿ ರಸ್ತೆ ನೆಟ್ಟಗೆ ಬಿದ್ದಿತ್ತು. ಹೆಸರು, ಉದ್ದು, ಸೋಯಾ ಎಲ್ಲ ಹಸಿರಾಗಿ ಎರಡೂ ಬದಿಗೆ ಹರಿದು ಹೋದವು. ಯಾವಾಗಲೂ ನನ್ನನ್ನು ಹಿಂದೆ ಹಾಕಿ ಹೊಗೆ ಉಗುಳಿ ಹೋಗುವ ಒಂದು ಟೆಂಪೊವನ್ನು ನಾನು ಹಿಂದೆ ಹಾಕಿದೆ. ಮೂವತ್ತೆಂಟು ವರ್ಷದ ಹೆಂಗಸು ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಿದ್ದೆ. ಯಾಕೆ ಜನ ಈ ಕುದುರೆಗಳಿಗೆ ಮರುಳಾಗುತ್ತಾರೆ ಎಂದು ಆವತ್ತು ತಿಳಿಯಿತು, ಈಗಲೂ ಅವರನ್ನು ನಾನು ಬಯ್ಯುವುದಿಲ್ಲ.

ಅನುಸೂಯಾಬಾಯಿಯ ಅಂಗಳಕ್ಕೆ ಹತ್ತು ಗಂಟೆಯೊಳಗೆ ತಲುಪಿದೆ. ಗಾಡಿ ನೋಡಲು ಓಣಿಯೆಲ್ಲ ಸೇರಿತು. ದಾನಮ್ಮ ದೊಡ್ಡ ಗಾಡಿ ತಗೊಂಡಳು ಎಂದು ಒಬ್ಬರು, ಈಗ ಸುಧಾರಿಸಿದಳು ಎಂದು ಇನ್ನೊಬ್ಬರು. ಅನುಸೂಯಾಬಾಯಿ ನನ್ನ ಗದ್ದ ಹಿಡಿದು ದೃಷ್ಟಿ ತೆಗೆದರು, ಆರು ವರ್ಷದಲ್ಲಿ ಮೊದಲ ಸಲ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ಕೊಟ್ಟರು. ನಾನು ಚಂದ್ರಿಯ ಹತ್ತಿರ ಹೋಗಿ ನೋಡಿದೆ. ಲೋಳೆ ಇನ್ನೂ ನೀರಿನಷ್ಟು ತೆಳ್ಳಗಿತ್ತು. ಹೊತ್ತಾಗಿರಲಿಲ್ಲ. ಸಂಜೆ ಬರುತ್ತೇನೆ ಎಂದು ಹೇಳಬೇಕು. ಇಷ್ಟು ಜನರ ಮುಂದೆ, ಇಷ್ಟು ದೊಡ್ಡ ಗಾಡಿಯಿಂದ ಇಳಿದು, ಈಗಷ್ಟೇ ಹೊಗಳಿಸಿಕೊಂಡು, ಸಂಜೆ ಬರುತ್ತೇನೆ ಎಂದು ಹ್ಯಾಗೆ ಹೇಳುವುದು?

ನಾನು ಕಡ್ಡಿ ಹಾಕಿದೆ. ಗೊತ್ತಿದ್ದೂ ಹಾಕಿದೆ. ಕೈ ತೊಳೆದುಕೊಳ್ಳುವಾಗ ಚಂದ್ರಿ ತಿರುಗಿ ನನ್ನನ್ನು ನೋಡಿತು, ನಾನು ಅದರ ಕಣ್ಣು ತಪ್ಪಿಸಿದೆ.

ಅತ್ತ ಸ್ವಪ್ನಿಲನ ಕಥೆ ಮರುದಿನ ತಿಳಿಯಿತು. ಒಂದಕ್ಕೆ ಆಗುತ್ತದೆ ಎಂದ ಕ್ಲಚ್ ಎರಡಕ್ಕೆ ಆಯಿತಂತೆ. ಇವನು ಮುಕ್ಕಾಲು ತಾಸು ಕಿಕ್ ಹೊಡೆದು ಬೆವರಿಳಿಸಿದ ಮೇಲೆ ಚಾಚಾ ಬಂದು ಒಂದೇ ತುಳಿತಕ್ಕೆ ಚಾಲೂ ಮಾಡಿ ಕೊಟ್ಟರಂತೆ. ಭಾಲ್ಕಿ ದಾಟಿದ ಮೇಲೆ ಗಾಡಿ ನಿಂತಿತು. ಪೆಟ್ರೋಲು ಮುಗಿದಿದೆ ಎಂದು ಅವನು ಮೂರು ಕಿಲೋಮೀಟರ್ ತಳ್ಳಿದ್ದಾನೆ. ಕುರಿ ಕಾಯುವ ಒಬ್ಬ ಮುದುಕ ಕರೆದು, ಟ್ಯಾಂಕಿನ ಕೆಳಗಿನ ಗುಂಡಿಯನ್ನು ರಿಸರ್ವಿಗೆ ತಿರುಗಿಸಿ ಕೊಟ್ಟನಂತೆ. ಅಂಥ ಗುಂಡಿ ಇರುತ್ತದೆ ಎನ್ನುವುದೇ ಪಾಪ ಹುಡುಗನಿಗೆ ಗೊತ್ತಿಲ್ಲ. ಮೆಹಕರ ತಲುಪಿದಾಗ ಆರು ಗಂಟೆ. ಹಾವಗೆಪ್ಪನವರು ಅಂಗಳದಲ್ಲೇ ಬೈದು, ಬಂದದ್ದು ಬಂದಿದ್ದಿ ಹಾಕಿ ಹೋಗು ಎಂದರಂತೆ.

"ಅಕ್ಕಾ, ಇದು ಗಾಡಿ ಅಲ್ಲರಿ, ತಪಸ್ಸು," ಎಂದು ನನ್ನ ಕೀಲಿ ನನಗೆ ಕೊಟ್ಟ.

ಇಪ್ಪತ್ತೊಂದನೆಯ ದಿನ ಚಂದ್ರಿ ತಿರುಗಿ ಬೆದೆಗೆ ಬಂತು. ಅನುಸೂಯಾಬಾಯಿಗೆ ಕಾರಣ ಗೊತ್ತೇ ಇತ್ತು: ಆವತ್ತು ಗಾಡಿ ನೋಡಲು ಬಂದವರೆಲ್ಲ ಆಕಳನ್ನೂ ನೋಡಿದರು, ದೃಷ್ಟಿ ತಗಲಿತು. ಕೊಟ್ಟಿಗೆಯ ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು, ಚಂದ್ರಿಯ ಕೊರಳಿಗೆ ಕರಿ ದಾರ ಬಂತು, ಹಬ್ಬಗಳೆಲ್ಲ ಕಳೆಯುವವರೆಗೆ ಯಾರನ್ನೂ ಕರೆಯುವುದಿಲ್ಲ ಎಂದರು. ನಾನು ಎದುರಿಗೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ನನ್ನ ಲೆಕ್ಕದಿಂದ ಒಂದು ಆಕಳಲ್ಲ, ಊರೇ ಹೋಗುತ್ತದೆ ಎಂಬ ಹೆದರಿಕೆ. ಮನೆಗೆ ಬಂದು ನನ್ನ ಗಾಡಿಯನ್ನು ಸುಮ್ಮನೆ ಒರೆಸುತ್ತ ಕೂತೆ.

ದಸರಾ ಮುಗಿಯಿತು. ಇರಮ ಮೇಡಂ ಮೂರು ದಿನ ಹನ್ನೆರಡೂ ಹಳ್ಳಿ ತಿರುಗಿದರು. ಭುಜದ ತನಕ ಕೈಗವಸು, ಹಿಂದೆ ಒಬ್ಬ ಸಹಾಯಕ. ನೋಡಿ ಬರೆದುಕೊಳ್ಳುತ್ತಿದ್ದರೇ ಹೊರತು ಯಾರು ಏನು ಕೇಳಿದರೂ ಶುಕ್ರವಾರ ಹೇಳುತ್ತೇನೆ ಎನ್ನುತ್ತಿದ್ದರು.

ಶುಕ್ರವಾರ ಭಾಲ್ಕಿಯ ಸಂಘದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅನುಸೂಯಾಬಾಯಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಬೀದರದಿಂದ ನಜಮೋದ್ದೀನ ಚಾಚಾ ಕೂಡ ಯಾವುದೋ ನೆಪ ಮಾಡಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದರು. ಇರಮ ಮೇಡಂ ಎದ್ದು, ಚೀಟಿ ನೋಡಿ, ಗಟ್ಟಿಯಾಗಿ ಓದಿದರು. ಸ್ವಪ್ನಿಲ ಹದಿನಾಲ್ಕು ಆಕಳಿಗೆ ಒಟ್ಟು ಇಪ್ಪತ್ತೇಳು ಸಲ ಹೋಗಿದ್ದಾನೆ, ಗಬ್ಬವಾದದ್ದು ಮೂರು. ದಾನಮ್ಮ ಹನ್ನೊಂದು ಆಕಳಿಗೆ ಹದಿಮೂರು ಸಲ ಹೋಗಿದ್ದಾಳೆ, ಗಬ್ಬವಾದದ್ದು ಏಳು.

ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ, ದಾನಮ್ಮನ ಕೈಗುಣ ಎಂದರು. ಅಷ್ಟೇ ಸಾಕಾಯಿತು. ಕೈಗುಣ, ಕೈಗುಣ ಎಂದು ಸಭೆಯೆಲ್ಲ ಗುಜುಗುಜು. ಒಬ್ಬ ಹೆಣ್ಣುಮಗಳು ಬಂದು ನನ್ನ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸಿದ್ದೇಶ್ವರ ಅವರು ಕೂಡ ತಲೆಯಾಡಿಸಿ, ಕೆಲವರ ಕೈಯಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ, ಊರುಗಳು ಇನ್ನು ದಾನಮ್ಮನವೇ ಎಂದರು.

ಗೆದ್ದೆ. ಬೇಕಾದದ್ದು ಕೈಗೆ ಬಂದಿತ್ತು. ಸುಮ್ಮನೆ ಕೈ ಮುಗಿದು ಕೂತಿದ್ದರೆ ಅವತ್ತಿಗೆ ಕಥೆ ಮುಗಿಯುತ್ತಿತ್ತು. ಆದರೆ ಸ್ವಪ್ನಿಲ ಮೂಲೆಯಲ್ಲಿ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ನಿಂತದ್ದು ಕಂಡಿತು. ತನ್ನ ಕೈಯಲ್ಲೇ ಏನೋ ಐಬಿದೆ ಎಂದು ಹುಡುಗ ನಂಬಿಬಿಟ್ಟಿದ್ದ. ಜನ ಸಂಜೆಯ ಮಾತನ್ನು ಆಡಲೇ ಇಲ್ಲ. ನಾಳೆ ನಾನು ತಡವಾಗಿ ಹೋದರೆ ಕೈಗುಣವಿರುವವಳು ಬೇಗ ಬರಬಾರದೇ ಎನ್ನುತ್ತಾರೆ. ನನಗೆ ಸಿಟ್ಟು ಬಂತು. ಆರು ವರ್ಷ ನಾನು ಬಾಯಿ ಬಡಿದುಕೊಂಡದ್ದು ಈ ಕೈಗೆ ಪೂಜೆ ಮಾಡಿಸಿಕೊಳ್ಳಲಿಕ್ಕೇ?

ಎದ್ದು ನಿಂತೆ.

"ಕೈಗುಣ ಏನೂ ಇಲ್ಲರಿ," ಎಂದೆ. "ಆಷಾಢದಾಗ ಒಂದು ಬುಧವಾರ ನಾವಿಬ್ಬರೂ ಗಾಡಿ ಅದಲಾಬದಲಿ ಮಾಡಿಕೊಂಡಿದ್ದಿವಿ. ಸ್ವಪ್ನಿಲನ ಗಾಡಿ ಮ್ಯಾಲ ನಾ ಹತ್ತಕ್ಕ ಅನುಸೂಯಾಬಾಯಿ ಮನಿಗಿ ಮುಟ್ಟಿದೆ. ಹೊತ್ತಾಗಿದ್ದಿಲ್ಲ. ಗೊತ್ತಿದ್ದೇ ಹಾಕಿದೆ. ನಿಮ್ಮ ಮುಂದ ಸಣ್ಣಾಕಿ ಆಗಬಾರದಂತ ಹಾಕಿದೆ. ಚಂದ್ರಿ ನಿಲ್ಲಲಿಲ್ಲ. ಕೈ ಇದೇ ಕೈ."

ನಾನು ಸ್ವಪ್ನಿಲನ ಕಡೆ ಕೈ ತೋರಿಸಿ, ಅದೇ ದಿನ ನನ್ನ ಗಾಡಿ ಇವನನ್ನು ಸತಾಯಿಸಿ ಸಂಜೆ ಆರಕ್ಕೆ ಮೆಹಕರಕ್ಕೆ ಮುಟ್ಟಿಸಿತು, ಆ ಆಕಳಿನ ಗತಿ ಏನಾಯಿತು ಹೇಳಿ ಎಂದು ಇರಮ ಮೇಡಂ ಅವರನ್ನು ಕೇಳಿದೆ. ಅವರು ಚೀಟಿಯ ಮೇಲೆ ಬೆರಳಾಡಿಸಿದರು. ಅವರಿಗಿಂತ ಮೊದಲು ಹಾವಗೆಪ್ಪನವರೇ ಎದ್ದು ನಿಂತರು.

"ಗಬ್ಬ ಅದ," ಎಂದರು. "ಜಲ್ದಿ ಬಂದಾಗ ಎರಡು ಸಲ ನಿಲ್ಲಲಿಲ್ಲ. ತಡಾ ಮಾಡಿ ಬಂದ ಅಂತ ನಾ ಅವಗ ಬಾಯಿಗಿ ಬಂದಂಗ ಬೈದೀನಿ. ಅವತ್ತಿಂದೇ ನಿಂತಾದ."

ಆ ಮನುಷ್ಯ ಅಷ್ಟು ಜನರ ನಡುವೆ ಹೋಗಿ ಸ್ವಪ್ನಿಲನ ಹೆಗಲ ಮೇಲೆ ಕೈ ಹಾಕಿದ. ಇರಮ ಮೇಡಂ ಮೊದಲ ಸಲ ನಕ್ಕರು. ಇದನ್ನೇ ತಾನು ಬಂದ ದಿನದಿಂದ ಹೇಳುತ್ತಿದ್ದೇನೆ, ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ, ಎರಡು ಗಾಡಿ ಅದಲುಬದಲಾದದ್ದು ಮಾತ್ರ ಕಿವಿಗೆ ಹೋಯಿತು ಎಂದರು.

ಆದರೆ ಅನುಸೂಯಾಬಾಯಿ ನನ್ನನ್ನೇ ನೋಡುತ್ತಿದ್ದರು. ಎದ್ದು ಬಂದು ಎದುರಿಗೆ ನಿಂತರು. ಅವರು ನನ್ನ ಹೆಗಲಿಗೆ ಬರುವಷ್ಟು ಎತ್ತರ, ಆದರೂ ನನಗೆ ಹಿಂದೆ ಸರಿಯುವಂತಾಯಿತು.

"ಮೂರು ತಿಂಗಳ ನಾ ದೃಷ್ಟಿ ತೆಗದೀನಿ. ಲಿಂಬಿಹಣ್ಣ ಕಟ್ಟೀನಿ. ನೀ ಗೊತ್ತಿದ್ದು ಬಾಯಿ ಮುಚ್ಚಿಕೊಂಡು ನಿಂತಿದ್ದಿ?"

"ಹೌದು ಆಯಿ. ತಪ್ಪಾಗ್ಯಾದ."

ಅವರು ಸೆರಗು ಕೊಡವಿ ಹೊದ್ದುಕೊಂಡರು. ಹನ್ನೆರಡರಲ್ಲಿ ಮೊದಲ ಊರು ಹೋಯಿತು ಎಂದುಕೊಂಡೆ, ಅದೂ ನನ್ನ ಸ್ವಂತ ಊರು. ಆಮೇಲೆ ಅವರು ಸಿದ್ದೇಶ್ವರ ಅವರ ಕಡೆ ತಿರುಗಿದರು.

"ತಪ್ಪು ಎಲ್ಲಾರೂ ಮಾಡ್ತಾರ, ಗೆದ್ದ ಮ್ಯಾಗ ಯಾರೂ ಹೇಳಂಗಿಲ್ಲ. ನನ್ನ ಆಕಳಿಗಿ ಇಕಿನೇ ಬರಬೇಕು. ಬರಕೋ."

ಸಿದ್ದೇಶ್ವರ ಅವರು ನಿಜವಾಗಿಯೂ ಬರೆದುಕೊಂಡರು. ನಾನು ಅಲ್ಲೇ ನಿಂತು ಅತ್ತೆ.

ಹನ್ನೆರಡೂ ಊರು ನನ್ನವೇ ಉಳಿದವು. ಸ್ವಪ್ನಿಲನನ್ನು ಕಳಿಸಬೇಡಿ, ಅವನ ಕೈ ನನ್ನ ಕೈಯಷ್ಟೇ ಸರಿಯಾಗಿದೆ, ಗಡಿಯಾರವೊಂದು ಸರಿಯಾಗಬೇಕು ಎಂದು ನಾನೇ ಕೇಳಿಕೊಂಡೆ. ಒಂದು ತಿಂಗಳು ಅವನು ನನ್ನ ಜೊತೆ ತಿರುಗಿ ಆಮೇಲೆ ತನ್ನ ಔರಾದ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳಲಿ ಎಂದು ಗೊತ್ತಾಯಿತು. ಮೊಬೈಲಿನ ನಿಮಿಷದ ಪಟ್ಟಿಯನ್ನು ಸಿದ್ದೇಶ್ವರ ಅವರು ನನ್ನೆದುರೇ ಅಳಿಸಿದರು. ಹೊರಗೆ ಬಂದಾಗ ನಜಮೋದ್ದೀನ ಚಾಚಾ ನನ್ನ ಗಾಡಿಯ ಟ್ಯಾಂಕಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. "ಬೇಟಿ, ಆ ಒಂದು ಕುಂಟು ಕುದುರಿ ಅಂತ ಅಂತಿದ್ದೆ ನೋಡು, ಅದು ನಾ ಸುಳ್ಳ ಹೇಳಿದ್ದೆ," ಎಂದರು.

ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ಫೋನು ಬಂತು. ಅನುಸೂಯಾಬಾಯಿ.

"ದಾನಮ್ಮ, ಚಂದ್ರಿ ಬೆದಿಗಿ ಬಂದಾಳ. ಸಂಜಿ ಐದಕ್ಕ ಬಾ. ಅದಕ್ಕ ಮೊದಲ ಬಂದ್ರ ಬಾಗಲಾ ತೆಗಿಯಂಗಿಲ್ಲ."

ಫೋನು ಇಟ್ಟು ಎಷ್ಟೋ ಹೊತ್ತು ನಗುತ್ತಲೇ ಇದ್ದೆ. ಆರು ವರ್ಷದಲ್ಲಿ ಇಂಥ ಫೋನು ನನಗೆ ಬಂದಿರಲಿಲ್ಲ. ಆವತ್ತು ಮಧ್ಯಾಹ್ನ ನಾವಿಬ್ಬರೂ ಬೇರೆ ಊರಿನಲ್ಲಿದ್ದೆವು, ಅಲ್ಲಿಂದ ಹೊರಟೆವು. ಮುಂದೆ ನನ್ನ ಎಂಟು ಕುದುರೆ, ನಲವತ್ತರ ವೇಗದಲ್ಲಿ. ಹಿಂದೆ ಸ್ವಪ್ನಿಲನ ನಲವತ್ತು ಕುದುರೆ, ಅದೇ ವೇಗದಲ್ಲಿ, ಗುರುಗುಡುತ್ತ. ತೊಗರಿ ಹೂವಾಗಿತ್ತು, ರಸ್ತೆಯ ಎರಡೂ ಬದಿ ಹಳದಿ. ಆವತ್ತಿನ ಅದೇ ಟೆಂಪೊ ನಮ್ಮಿಬ್ಬರನ್ನೂ ಹಿಂದೆ ಹಾಕಿ ಹೋಯಿತು. ಸ್ವಪ್ನಿಲ ಕೈ ಎತ್ತಿ ಅದಕ್ಕೆ ದಾರಿ ಬಿಟ್ಟ.

ಖುಷಿಗೋ ಏನೋ ನಾನು ಸ್ವಲ್ಪ ಜೋರಾಗಿಯೇ ಓಡಿಸಿರಬೇಕು, ಅಂಗಳ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಬಾಗಿಲು ಹಾಕಿತ್ತು. ತಟ್ಟಿದರೆ ಒಳಗಿನಿಂದ, ಇನ್ನೂ ಹೊತ್ತದ, ಕಟ್ಟಿ ಮ್ಯಾಲ ಕೂಡ್ರಿ ಎಂದು ಉತ್ತರ ಬಂತು. ಕಿಟಕಿಯಿಂದ ಎರಡು ಲೋಟ ಚಹಾ ಹೊರಗೆ ಬಂದವು. ಹನ್ನೆರಡು ಊರಿನ ದಾನಮ್ಮ ಮತ್ತು ಔರಾದದ ಸ್ವಪ್ನಿಲ ಕಟ್ಟೆಯ ಮೇಲೆ ಶಾಲೆಯ ಮಕ್ಕಳ ಹಾಗೆ ಕೂತು ಚಹಾ ಕುಡಿದೆವು. ಚಹಾದಲ್ಲಿ ಸಕ್ಕರೆ ಜಾಸ್ತಿಯಿತ್ತು.

ಸರಿಯಾಗಿ ಐದಕ್ಕೆ ಬಾಗಿಲು ತೆರೆಯಿತು. ಶಿವರಾತ್ರಿ ಕಳೆದ ಮರುವಾರ ಇರಮ ಮೇಡಂ ಬಂದು ಚಂದ್ರಿಯನ್ನು ನೋಡಿ, ಕೈಗವಸು ಕಳಚುತ್ತ, ಮೂರು ತಿಂಗಳು ಆಗಿದೆ ಎಂದರು. ಅನುಸೂಯಾಬಾಯಿ ಕೊಟ್ಟಿಗೆಯ ಬಾಗಿಲಿನ ಒಣಗಿದ ಲಿಂಬೆಹಣ್ಣನ್ನು ಬಿಚ್ಚಿ ತಂದು ನನ್ನ ಗಾಡಿಯ ಹ್ಯಾಂಡಲಿಗೆ ಕಟ್ಟಿದರು.